ಐವತ್ಮೂರನೆಯ ಎಲೆ

ನಮ್ಮ ಮನೆಯ ಭಾನುವಾರದ ಇಸ್ಪೀಟಿನಲ್ಲಿ ಪಣಕ್ಕೆ ಇಡುತ್ತಿದ್ದುದು ಹುಣಸೆಬೀಜ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದನ್ನು ಓದಿದವರು ಎಷ್ಟು ಲಕ್ಷದ ಜೂಜೋ ಏನೋ ಅಂದುಕೊಂಡಾರು. ಬೇಸಿಗೆಯಲ್ಲಿ ಹುಣಸೆಹಣ್ಣು ಬಿಡಿಸಿದ ಮೇಲೆ ಉಳಿಯುವ ಬೀಜವನ್ನು ವೈನಿ, ಅಂದರೆ ನಮ್ಮಣ್ಣನ ಹೆಂಡತಿ, ತೊಳೆದು ಒಣಗಿಸಿ ಒಂದು ಸ್ಟೀಲ್ ಡಬ್ಬಿಗೆ ತುಂಬಿಡುತ್ತಿದ್ದರು. ಆಡುವವರಿಗೆ ತಲೆಗೆ ಐವತ್ತು ಬೀಜ. ಊಟ ಮುಗಿಸಿ ಕೂತರೆ ಸಂಜೆ ಐದಕ್ಕೆ ಏಳುವುದು. ಆಗ ಯಾರ ಮುಂದೆ ಎಲ್ಲರಿಗಿಂತ ಕಡಿಮೆ ಬೀಜ ಉಳಿದಿವೆಯೋ ಅವರು ಕೈಚೀಲ ಹಿಡಿದು ಓಣಿಯ ತುದಿಯ ಅಂಗಡಿಗೆ ಹೋಗಿ ಎಲ್ಲರಿಗೂ ಮಂಡಕ್ಕಿಯ ಗಿರ್ಮಿಟ್ಟು, ಮಿರ್ಚಿ ಬಜ್ಜಿ ತರಬೇಕು. ಗೆದ್ದವನಿಗೆ ಏನೂ ಇಲ್ಲ, ಸೋತವನಿಗೆ ಇಷ್ಟೇ ಶಿಕ್ಷೆ. ಇಷ್ಟನ್ನು ತಪ್ಪಿಸಿಕೊಳ್ಳಲು ಒಬ್ಬ ಮನುಷ್ಯ ಎಷ್ಟು ಕೆಳಗಿಳಿಯಬಲ್ಲ, ಅವನ ಮಾನ ಕಾಯಲು ಇನ್ನೊಬ್ಬ ಅವನಿಗಿಂತ ಎಷ್ಟು ಕೆಳಗಿಳಿಯಬಲ್ಲ ಎಂಬುದನ್ನು ನಾನು ಆ ಡಬ್ಬಿಯ ಬೀಜದಿಂದ ಕಲಿತೆ. ಆ ಇನ್ನೊಬ್ಬ ನಾನೇ.

ಮನೆ ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿ. ಕೆಳಗೆ ಅಣ್ಣನ ಸಂಸಾರ, ಮಹಡಿಯ ಮೇಲೆ ನನ್ನದು. ಅಪ್ಪ ತೀರಿಕೊಂಡಾಗ ನನಗೆ ಹನ್ನೊಂದು ವರ್ಷ. ಅಣ್ಣ ಕಾಲೇಜು ಬಿಟ್ಟು ಹತ್ತಿ ದಲಾಲಿ ಅಂಗಡಿಗೆ ಕೂತ, ನನ್ನನ್ನು ಡಿಪ್ಲೊಮಾ ಓದಿಸಿದ, ಲಕಮನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರುವಂತೆ ಮಾಡಿದ. ನಿವೃತ್ತಿಯಾಗುವ ತನಕ ಅಲ್ಲೇ ಇದ್ದೆ. ಅಣ್ಣ ತಾನು ಮಾಡಿದ ಉಪಕಾರವನ್ನು ಒಮ್ಮೆಯೂ ಬಾಯಿಬಿಟ್ಟು ಆಡಿದವನಲ್ಲ. ಆಡುವ ಅಗತ್ಯವೇ ಇರಲಿಲ್ಲ, ಉಳಿದ ಬಳಗವೆಲ್ಲ ದಿನಕ್ಕೊಮ್ಮೆ ಆಡುತ್ತಿತ್ತು.

ಆಡುವವರು ನಾಲ್ಕು ಜನ. ಅಣ್ಣ, ನಾನು, ಮಿಸ್ತ್ರಿ, ಸರ್. ಮಿಸ್ತ್ರಿ ನನ್ನ ಪ್ರಾಥಮಿಕ ಶಾಲೆಯ ಗೆಳೆಯ, ಒಂದೇ ಮಣೆಯ ಮೇಲೆ ಕೂತವರು. ಹಳೇ ಹುಬ್ಬಳ್ಳಿಯಲ್ಲಿ ಅವನ ಸ್ಕೂಟರ್ ಗ್ಯಾರೇಜು. ರಂಜಾನ್ ಹಬ್ಬದ ದಿನ ಅವನ ಮನೆಯಿಂದ ನಮ್ಮ ಮನೆಗೆ ಸುರಕುಂಬಾ ಎಂಬ ಶಾವಿಗೆ ಪಾಯಸದ ಡಬ್ಬಿ ಬರುತ್ತಿತ್ತು, ದೀಪಾವಳಿಗೆ ಅದೇ ಡಬ್ಬಿಯಲ್ಲಿ ನಮ್ಮ ಕರ್ಚಿಕಾಯಿ ಹೋಗುತ್ತಿತ್ತು. ಸರ್ ಅಂದರೆ ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು, ಅಣ್ಣನ ಸ್ನೇಹಿತರು. ಬೆಳಿಗ್ಗೆ ಕೆಲಗೇರಿ ಕೆರೆಯ ದಂಡೆಯ ಮೇಲೆ ವಾಕಿಂಗ್ ಮುಗಿಸಿ, ಮಧ್ಯಾಹ್ನದ ಬಸ್ಸು ಹಿಡಿದು ಧಾರವಾಡದಿಂದ ಬರುತ್ತಿದ್ದರು.

ಎಲೆ ಹಂಚುವವನು ಆಟದ ಹೆಸರು ಹೇಳಬೇಕು, ಇದು ನಮ್ಮ ಪದ್ಧತಿ. ಮೂರೆಲೆ ಆಟ ಒಂದೇ ಆದರೂ ಅದಕ್ಕೆ ನೂರು ಅವತಾರ. ಮನುಷ್ಯನ ಜಾತಕ ನೋಡುವ ಬದಲು ಅವನಿಗೆ ಇದರಲ್ಲಿ ಯಾವ ಅವತಾರ ಇಷ್ಟ ಎಂದು ಕೇಳಿದರೆ ಸಾಕು ಎಂದು ನನಗೆ ಈಗ ಅನಿಸುತ್ತದೆ. ಆಗ ಅನಿಸಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಅಣ್ಣನಿಗೆ ‘ಎಕೆ ಫಾರ್ಟಿಸೆವನ್’ ಬೇಕು. ಎಕ್ಕಾ, ರಾಜಾ, ನಾಲ್ಕು, ಏಳು ಇಷ್ಟೂ ಅದರಲ್ಲಿ ಜೋಕರು. ಹದಿನಾರು ಜೋಕರು ತಿರುಗುತ್ತಿದ್ದರೆ ಎಂಥವನ ಕೈಗೂ ದೊಡ್ಡದೇನೋ ಬಂದೇ ಬರುತ್ತದೆ. ಪೇಟೆಯಲ್ಲಿ ಹತ್ತಿಯನ್ನು ಹೆಬ್ಬೆರಳಿನಲ್ಲಿ ಎಳೆದು ನೋಡಿ ಅದು ಯಾವ ಹೊಲದ್ದೆಂದು ಹೇಳುವ ಮನುಷ್ಯನಿಗೆ ಮನೆಯಲ್ಲಿ ಮಾತ್ರ ಇಂಥ ಸುಳ್ಳು ಶ್ರೀಮಂತಿಕೆ ಹಿತವಾಗಿತ್ತು. ಸರ್‌ಗೆ ‘ಮುಫ್ಲಿಸ್’. ಅದರಲ್ಲಿ ಎಲ್ಲ ತಿರುವುಮುರುವು, ಯಾರ ಎಲೆ ಎಲ್ಲರಿಗಿಂತ ಕೆಟ್ಟದ್ದೋ ಅವನೇ ಗೆಲ್ಲುವುದು. “ಇದರಾಗ ಒಂದು ನ್ಯಾಯ ಐತ್ರಿ. ಇಲ್ಲದವನಿಗೂ ಒಂದು ದಿನಾ ಬರ್ತೈತಿ” ಎಂದು ಶುರುಮಾಡಿದರೆ ಎಲೆ ಹಂಚಿ ಮುಗಿಯುವವರೆಗೆ ಅವರ ಭಾಷಣ. ನ್ಯಾಯದ ಬಗ್ಗೆ ಅವರಷ್ಟು ಚೆನ್ನಾಗಿ ಮಾತಾಡಿದವರನ್ನು ನಾನು ನೋಡಿಲ್ಲ.

ನನ್ನದು ‘ನಾಲ್ಕರಾಗ ಮೂರು’. ನಾಲ್ಕು ಎಲೆ ಹಂಚುವುದು, ಒಂದನ್ನು ಬಿಟ್ಟು ಮೂರನ್ನು ಇಟ್ಟುಕೊಳ್ಳುವುದು. ಯಾವುದನ್ನು ಬಿಡಬೇಕೆಂದು ನಾನು ಅಳೆದು ಸುರಿದು ಕೂತರೆ ಎಲ್ಲರೂ ಬೈಯುತ್ತಿದ್ದರು. ಮಿಸ್ತ್ರಿ ಮಾತ್ರ, “ತಡೀರಿ, ಅವಂಗ ಯಾವದನ್ನೂ ಬಿಡಾಕ ಮನಸ್ ಬರೂದಿಲ್ಲ, ಮೊದಲಿಂದ ಹಂಗ ಅದಾನ” ಎನ್ನುತ್ತಿದ್ದ. ಅವನು ನನ್ನ ಬಗ್ಗೆ ಎಷ್ಟು ತಪ್ಪು ತಿಳಿದಿದ್ದ.

ಮಿಸ್ತ್ರಿಗೆ ಸಾದಾ ಆಟ. ಜೋಕರ್ ಇಲ್ಲ, ತಿರುವು ಇಲ್ಲ. “ಬಂದ ಎಲಿ ಆಡೂದಪಾ. ಇಂಜಿನ್ನಿಗೆ ಎಲ್ಲೆರ ಜೋಕರ್ ಇರ್ತೈತೇನ?” ಎನ್ನುತ್ತಿದ್ದ. ಆದರೆ ಆ ಸಾದಾ ಆಟದಲ್ಲಿ ಅವನಿಗೆ ಒಂದು ಚಟ ಇತ್ತು, ಸೈಡ್ ಶೋ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಎಲೆ ನೋಡಿ ಆಡುವವನು ತನಗಿಂತ ಮುಂಚೆ ಬೀಜ ಕಟ್ಟಿದವನನ್ನು ಸೈಡ್ ಶೋ ಕೇಳಬಹುದು. ಆಗ ಇಬ್ಬರೂ ಉಳಿದವರಿಗೆ ಕಾಣದಂತೆ ಒಬ್ಬರ ಎಲೆ ಒಬ್ಬರು ನೋಡಬೇಕು. ಕಡಿಮೆ ಎಲೆಯವನು ತುಟಿ ಬಿಚ್ಚದೆ ತನ್ನದನ್ನು ಬೋರಲು ಹಾಕಿ ಹೊರಬೀಳಬೇಕು. ಯಾರ ಕೈಯಲ್ಲಿ ಏನಿತ್ತು ಎಂದು ಆ ಇಬ್ಬರಿಗೆ ಬಿಟ್ಟು ಯಾರಿಗೂ ತಿಳಿಯುವುದಿಲ್ಲ.

ಒಮ್ಮೆ ಸರ್ ಮೊಬೈಲಿನಲ್ಲಿ ನೋಡಿ ಕಲಿತು ಪೋಕರ್ ಹಂಚಿದರು. ಕೈಯಲ್ಲಿ ಎರಡೇ ಎಲೆ, ನಡುವೆ ಐದು ಎಲೆ ಎಲ್ಲರಿಗೂ ಕಾಣುವಂತೆ. ಮಿಸ್ತ್ರಿ ಎರಡು ಕೈ ಆಡಿ, “ಸರ, ಇದರಾಗ ಸೈಡ್ ಶೋನ ಇಲ್ಲಲ್ರಿ, ಮಜಾ ಎಲ್ಲೈತಿ?” ಎಂದು ಎಲೆ ಕೆಳಗಿಟ್ಟ. ಪೋಕರ್ ಅಲ್ಲಿಗೇ ನಿಂತಿತು.

ಸೈಡ್ ಶೋಗೆ ನಮ್ಮಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಇತ್ತು. ಅದು ಹುಟ್ಟಿದ್ದು ನನ್ನ ಬಾಯಿಯ ದೆಸೆಯಿಂದ. ಒಂದು ಭಾನುವಾರ ಸರ್ ರಾಜ್ಯವೇ ಕೈಯಲ್ಲಿದ್ದಂತೆ ಬೀಜ ಸುರಿಯುತ್ತಿದ್ದರು. ನಾನು ಸೈಡ್ ಶೋ ಕೇಳಿ ನೋಡಿದರೆ ಎರಡು, ಐದು, ಎಂಟು. ಶುದ್ಧ ಕಸ. ನಾನು ನಕ್ಕು ಎಲ್ಲರಿಗೂ ಹೇಳಿಬಿಟ್ಟೆ. ಸರ್ ಚಪ್ಪಲಿ ಮೆಟ್ಟಿಕೊಂಡು ಹೋದವರು ಎರಡು ವಾರ ಬರಲಿಲ್ಲ. ಮೂರನೆಯ ವಾರ ಮಿಸ್ತ್ರಿ ತನ್ನ ಸ್ಕೂಟರ್ ಮೇಲೆ ಕೆಲಗೇರಿಗೆ ಹೋಗಿ ಅವರನ್ನು ಹಿಂದೆ ಕೂರಿಸಿಕೊಂಡು ಬಂದ. ಎಲ್ಲರನ್ನೂ ಕೂರಿಸಿ ಬೆರಳೆತ್ತಿ ಹೇಳಿದ: “ಇವತ್ತಿಂದ ಸೈಡ್ ಶೋದಾಗ ಕಂಡದ್ದು ಸಾಯೂತನಕ ಹೇಳೂ ಹಂಗಿಲ್ಲ. ಹೆಂಡ್ತಿ ಮುಂದೂ ಹೇಳೂ ಹಂಗಿಲ್ಲ. ಆಟದಾಗ ಸೋಲಬೇಕು, ಮರ್ಯಾದಿ ಸೋಲಬಾರದು.” ಇನ್ನೊಬ್ಬರ ಮುಖ ಉಳಿಯಲಿ ಎಂದು ಅವನು ಮಾಡಿದ ನಿಯಮ ಅದು. ಸರ್ ಅವತ್ತು ಕಣ್ಣೊರೆಸಿಕೊಂಡರು.

ಕೈಚೀಲ ಹಿಡಿದು ಹೆಚ್ಚು ಸಲ ಹೋದವನು ಮಿಸ್ತ್ರಿ. ಸೀಟಿ ಹಾಕುತ್ತ ಹೋಗಿ ಸೀಟಿ ಹಾಕುತ್ತ ಬರುತ್ತಿದ್ದ. ನಾನೂ ಹೋಗಿದ್ದೇನೆ, ಸರ್ ಕೂಡ ಗೊಣಗುತ್ತ ಹೋಗಿದ್ದಾರೆ. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಹೋಗದವನು ಅಣ್ಣ. ಹಣೆತುಂಬ ವಿಭೂತಿ ಹಚ್ಚಿ ಪೇಟೆಗೆ ಹೋದರೆ ನಾಲ್ಕು ಜನ ಎದ್ದು ನಿಲ್ಲುವ ಮನುಷ್ಯ ಓಣಿಯಲ್ಲಿ ಗಿರ್ಮಿಟ್ಟಿನ ಚೀಲ ಹಿಡಿದು ನಡೆಯುವುದೆಂದರೇನು? “ನನ್ನ ಕೈ ಛಲೋ ಐತಪಾ” ಎಂದು ಅವನು ನಗುತ್ತಿದ್ದ. ನಾವೂ ನಂಬಿದ್ದೆವು. ಅದೃಷ್ಟವಂತ ಎಂದು ಹೆಮ್ಮೆಪಟ್ಟೂ ಇದ್ದೆವು, ಥೂ.

ಎರಡು ವರ್ಷದ ಹಿಂದಿನ ದೀಪಾವಳಿ ಮುಗಿದ ಮೊದಲ ಭಾನುವಾರ. ಪ್ರತಿ ದೀಪಾವಳಿಗೆ ಮಿಸ್ತ್ರಿ ಹೊಸ ಇಸ್ಪೀಟು ಕಟ್ಟು ತರುವುದು ವಾಡಿಕೆ. ಅದೇ ಅಂಗಡಿ, ಅದೇ ಕೆಂಪು ಬೆನ್ನಿನ ಎಲೆ. ಹೊಸದು ಬಂದ ಮೇಲೆ ಹಳೆಯ ಕಟ್ಟು ಅಣ್ಣ ಒರಗಿ ಕೂರುವ ದಿವಾನದ ಪಕ್ಕದ ಗೂಡಿಗೆ ಸೇರುತ್ತಿತ್ತು. ಅವತ್ತು ಅಣ್ಣನಿಗೆ ಏನೂ ಕೂಡಿಬರಲಿಲ್ಲ. ನಾಲ್ಕೂವರೆಯ ಹೊತ್ತಿಗೆ ಅವನ ಮುಂದೆ ಇದ್ದದ್ದು ಹದಿನಾಲ್ಕು ಬೀಜ. ಸರ್ ಚೇಷ್ಟೆ ಮಾಡಿದರು, “ಇವತ್ತ ಓಣಿಯಾಗಿನ ಮಂದಿಗೆ ನಿಮ್ಮ ದರ್ಶನ ಆಗೂ ಹಂಗ ಕಾಣ್ತೈತಿ.” ಅಣ್ಣ ನಗಲಿಲ್ಲ. ನನಗೆ ಅದು ಕಂಡಿತ್ತು.

ಮಿಸ್ತ್ರಿ ಎಲೆ ಹಂಚಿದ. ಸಾದಾ ಆಟ. ನಾನು ನನ್ನ ಮೂರು ಎಲೆ ಎತ್ತಿ ನೋಡಿದೆ. ಆಟೀನಿಗೆ ನಮ್ಮ ಕಡೆ ಬದಾಮ್ ಎನ್ನುತ್ತೇವೆ. ಬದಾಮ್ ಎಕ್ಕಾ, ಬದಾಮ್ ರಾಜಾ, ಬದಾಮ್ ರಾಣಿ. ಒಂದೇ ಬಣ್ಣದ ಸಾಲು, ಅದೂ ಎಲ್ಲಕ್ಕಿಂತ ದೊಡ್ಡದು. ಇದನ್ನು ಹೊಡೆಯಬೇಕಾದರೆ ಒಂದೇ ಥರದ ಮೂರು ಎಲೆ ಬರಬೇಕು. ಇಷ್ಟು ವರ್ಷ ಆಡಿದರೂ ನನ್ನ ಕೈಗೆ ಅಂಥ ಎಲೆ ಬಂದಿರಲಿಲ್ಲ. ಸರ್ ಎಲೆ ಬೋರಲು ಹಾಕಿ ಹೊರಬಿದ್ದರು. ನಾನು ಬೀಜ ಕಟ್ಟಿದೆ. ನನ್ನ ನಂತರ ಅಣ್ಣ. ಅವನು ಪಂಚೆ ಸರಿಮಾಡಿಕೊಂಡು, ದಿವಾನಕ್ಕೆ ಒರಗಿ, ಮತ್ತೆ ಮುಂದೆ ಬಾಗಿ ಹೇಳಿದ: “ತಮ್ಮಾ, ಸೈಡ್ ಶೋ.”

ಇಬ್ಬರೂ ಗೋಡೆಯ ಕಡೆ ತಿರುಗಿದೆವು. ಅವನ ಕೈಯಲ್ಲಿ ಮೂರೂ ಎಕ್ಕಾ. ಒಂದು ಇಸ್ಪೀಟು, ಒಂದು ಚೌಕಟ್, ಇನ್ನೊಂದು ಬದಾಮ್. ನನ್ನ ಬದಾಮ್ ಎಕ್ಕಾದ ತುದಿ ಚೂಪಾಗಿತ್ತು. ಅವನದು ವರ್ಷವಿಡೀ ತಿಕ್ಕಿಸಿಕೊಂಡು ಮೆತ್ತಗಾಗಿತ್ತು. ನಾನು ಎಲೆ ಬಿಟ್ಟು ಅವನ ಮುಖ ನೋಡಿದೆ. ಅವನೂ ನನ್ನ ಎಲೆ ನೋಡಿದ್ದ. ಬೆಚ್ಚಲಿಲ್ಲ, ಕಣ್ಣು ತಗ್ಗಿಸಲಿಲ್ಲ. ಎಲೆ ಮಡಚಿಕೊಂಡು ಮೆಲ್ಲಗೆ, “ಹಾಕು” ಎಂದ. ಚಿಕ್ಕಂದಿನಲ್ಲಿ ಊಟ ಮಾಡು, ಮಲಗು, ಓದು ಎನ್ನುತ್ತಿದ್ದ ಅದೇ ದನಿ. ನಾನು ಜೀವಮಾನದ ಎಲೆಯನ್ನು ಬೋರಲು ಹಾಕಿದೆ.

ಮಿಸ್ತ್ರಿ ಸ್ವಲ್ಪ ಹೊತ್ತು ಎದುರು ಆಡಿದ. ಅಣ್ಣ ತನ್ನ ಕಡೆಯ ಬೀಜವನ್ನೂ ಕಟ್ಟಿದಾಗ ಮಿಸ್ತ್ರಿ ನಕ್ಕು, “ಅಣ್ಣಾರ ಮುಖಾ ನೋಡಿದ್ರ ಭಾಳ ದೊಡ್ಡದು ಬಂದಂಗ ಕಾಣ್ತೈತಿ” ಎಂದು ಎಲೆ ಬಿಟ್ಟ. ಅಣ್ಣ ರಾಶಿ ಎಳೆದುಕೊಂಡು ತನ್ನ ಎಲೆಗಳನ್ನು, ಎಕ್ಕಾಕ್ಕೆ ಬದಲಾಗಿ ಪಂಚೆಯಡಿ ಸರಿಸಿದ್ದ ಎಲೆಯನ್ನೂ ಸೇರಿಸಿ, ಉಳಿದವುಗಳ ಅಡಿಗೆ ತುರುಕಿದ. ಈಗ ಎಲ್ಲರಿಗಿಂತ ಕಡಿಮೆ ಬೀಜ ಮಿಸ್ತ್ರಿಯವು.

ಮುಂದಿನ ಹಂಚಿಕೆ ಸರ್‌ದು. ಪರೀಕ್ಷೆಯ ಪೇಪರು ಎಣಿಸಿ ಎಣಿಸಿ ಬೆಳೆದ ಕೈ, ಅವರು ಹಂಚುವ ಮುಂಚೆ ಕಟ್ಟು ಎಣಿಸದೆ ಬಿಡುವವರಲ್ಲ. ಅಣ್ಣ ಅದನ್ನು ಮರೆತಿದ್ದ. ಸರ್ ಒಮ್ಮೆ ಎಣಿಸಿದರು, ಇನ್ನೊಮ್ಮೆ ಎಣಿಸಿದರು. “ಐವತ್ಮೂರು ಆಗಾಕತ್ತಾವಲ್ಲ?” ಎಂದು ಎಲ್ಲವನ್ನೂ ಚಾಪೆಯ ಮೇಲೆ ಹರವಿದರು. ಎರಡು ಬದಾಮ್ ಎಕ್ಕಾ ಅಕ್ಕಪಕ್ಕ ಬಿದ್ದವು.

ಮೊದಲು ಮಾತಾಡಿದವನು ಅಣ್ಣ. “ನಾ ಯಾರಿಗೂ ಏನೂ ಅನ್ನಾಕತ್ತಿಲ್ಲ. ಕಟ್ಟು ತಂದವ ಅವನ, ಈಗ ಹಂಚಿದವನೂ ಅವನ. ಇಷ್ಟ ಹೇಳಾಕತ್ತೇನಿ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ಇದೆಯಲ್ಲ, ಅದು ಹುಸಿ. ಅಣ್ಣ ಮುಟ್ಟಿಕೊಳ್ಳಲಿಲ್ಲ. ಮುಟ್ಟಿಕೊಂಡವನು ನಾನು.

ಮಿಸ್ತ್ರಿ ಚೇಷ್ಟೆ ಎಂದುಕೊಂಡು ನಕ್ಕ. ಜೊತೆಗೆ ಯಾರೂ ನಗದಿದ್ದಾಗ ಅವನ ನಗು ಅರ್ಧಕ್ಕೆ ನಿಂತಿತು. ಸರ್ ಕನ್ನಡಕ ತೆಗೆದು ಒರೆಸುತ್ತಿದ್ದರು. ಮಿಸ್ತ್ರಿ ನನ್ನ ಕಡೆ ತಿರುಗಿದ. “ಲೇ, ನೀವಿಬ್ರೂ ಈಗರ ಸೈಡ್ ಶೋ ಮಾಡೀರಿ. ಬದಾಮ್ ಎಕ್ಕಾ ನಿನಗ ಕಂಡಿತ್ತೇನು? ಯಾರ ಕಡೆ ಇತ್ತು? ಇಷ್ಟ ಹೇಳು ಸಾಕು.”

ಎಲ್ಲರೂ ನನ್ನನ್ನು ನೋಡಿದರು. ಅಣ್ಣ ಮಾತ್ರ ನೋಡಲಿಲ್ಲ, ಬೀಜಗಳನ್ನು ಹತ್ತರ ಗುಂಪು ಮಾಡುತ್ತಿದ್ದ. ನಾನು ಏನು ಹೇಳುತ್ತೇನೆಂದು ಅವನಿಗೆ ನನಗಿಂತ ಮೊದಲೇ ಗೊತ್ತಿತ್ತು. ನನಗೆ ಅಪ್ಪ ಸತ್ತ ವರ್ಷ ನೆನಪಾಯಿತು, ಅಣ್ಣ ಕಾಲೇಜಿನ ಪುಸ್ತಕ ಮಾರಿ ನನಗೆ ಬೂಟು ತಂದದ್ದು ನೆನಪಾಯಿತು ಎಂದೆಲ್ಲ ಬರೆದರೆ ಓದುವವರು ನನ್ನನ್ನು ಕ್ಷಮಿಸಿಯಾರು. ಸುಳ್ಳು. ಏನೂ ನೆನಪಾಗಲಿಲ್ಲ. ಹೆದರಿಕೆಯಾಯಿತು ಅಷ್ಟೇ. ಅರವತ್ತು ದಾಟಿದ ಗಂಡಸಿಗೆ ಅಣ್ಣನ ಹೆದರಿಕೆ. ಬಾಯಿಗೆ ಅದೊಂದು ಮಾತು ಸಿಕ್ಕಿತು.

“ಸೈಡ್ ಶೋದಾಗ ಕಂಡದ್ದು ಹೇಳೂ ಹಂಗಿಲ್ಲಲ್ಲೋ. ರೂಲ್ ನಿಂದ.”

ಅವನು ನನ್ನನ್ನೇ ನೋಡಿದ. ಸಿಟ್ಟು ಬಂದಿದ್ದರೆ ನನಗೆ ಅನುಕೂಲವಾಗುತ್ತಿತ್ತು, ಬರಲಿಲ್ಲ. “ಖರೇ” ಎಂದ. “ರೂಲ್ ನಂದ.”

ಎದ್ದು ಮೊಳೆಗೆ ನೇತುಹಾಕಿದ್ದ ಕೈಚೀಲ ತೆಗೆದುಕೊಂಡು ಹೋದ. ಅವತ್ತಿನ ಸೋಲು ಅವನದಲ್ಲವೇ, ಹೋಗಲೇಬೇಕಿತ್ತು. ಕಾಲುಗಂಟೆಗೆ ಬಂದು ಬಾಗಿಲಲ್ಲೇ ನಿಂತು ಚೀಲವನ್ನು ವೈನಿಯ ಕೈಗೆ ಕೊಟ್ಟ. “ಒಳಗ ಬರ್ರಿ, ಚಾ ಇಟ್ಟೇನಿ” ಎಂದು ವೈನಿ ಕರೆದರು. “ಬ್ಯಾಡ್ರಿ ವೈನಿ, ಗ್ಯಾರೇಜಿನಾಗ ಕೆಲಸಾ ಐತಿ” ಎಂದು ಹೋದ. ಭಾನುವಾರ ಅವನ ಗ್ಯಾರೇಜು ಮುಚ್ಚಿರುತ್ತದೆ. ಚೀಲದಲ್ಲಿ ಮೂರೇ ಪೊಟ್ಟಣ ಇದ್ದವು. ನಾವು ಮೂವರೂ ತಿಂದೆವು. ಗಿರ್ಮಿಟ್ಟಿಗೆ ಉಪ್ಪು ಕಡಿಮೆಯಾಗಿದೆ ಎಂದು ಸರ್ ಹೇಳಿದ್ದು ನನಗೆ ನೆನಪಿದೆ. ನ್ಯಾಯದ ಬಗ್ಗೆ ಏನೂ ಹೇಳಲಿಲ್ಲ.

ಕೈ ತೊಳೆದುಕೊಳ್ಳುತ್ತ ಅಣ್ಣ, “ಮೊದ್ಲ ಹೇಳಿದ್ದೆ. ಅವರನ್ನ ಎಲ್ಲಿಡಬೇಕೋ ಅಲ್ಲೇ ಇಡಬೇಕು” ಎಂದ. ಹಾಗೆ ಅವನು ಮೊದಲು ಎಂದೂ ಹೇಳಿರಲಿಲ್ಲ. ಸುರಕುಂಬಾ ಎರಡು ಸಲ ಹಾಕಿಸಿಕೊಂಡು ತಿನ್ನುತ್ತಿದ್ದವನು ಅವನೇ. ತನ್ನ ಕಳ್ಳತನ ಮುಚ್ಚಲು ಅವನಿಗೆ ಗೆಳೆಯನ ಜಾತಿಯೂ ಬೇಕಾಯಿತು. ನನಗೆ ಮೈಯೆಲ್ಲ ಉರಿಯಿತು. ಉರಿದುಕೊಂಡೇ ಮೆಟ್ಟಿಲು ಹತ್ತಿ ಮೇಲೆ ಹೋದೆ. ಯಾಕೆ ಮುಖ ಹೀಗಿದೆ ಎಂದು ಹೆಂಡತಿ ಕೇಳಿದಳು. ಅವಳಿಗೂ ಹೇಳಲಿಲ್ಲ. ನಿಯಮವನ್ನು ನಾನು ಎಷ್ಟು ಚೆನ್ನಾಗಿ ಪಾಲಿಸಿದೆ ನೋಡಿ.

ಆಮೇಲೆ ಮೂವರೇ ಉಳಿದೆವು. ಅಣ್ಣ ತಾನಾಗಿಯೇ ಸರ್‌ಗೆ, “ಆ ನಿಮ್ಮ ಪೋಕರ್ ಹಂಚ್ರಿ. ಅದರಾಗ ಎಲ್ಲಾ ಬಯಲಿಗೆ ಇರ್ತೈತಿ, ಯಾರಿಗೂ ಸಂಶೆ ಬರೂದಿಲ್ಲ” ಎಂದ. ಎಲ್ಲರಿಗೂ ಕಾಣುವ ಐದು ಎಲೆಗಳ ಸುತ್ತ ಕೂತು ಒಬ್ಬರ ಮುಖ ಒಬ್ಬರು ನೋಡದೆ ಆಡಿದೆವು. ಚಳಿಗಾಲ ಕಳೆಯಿತು. ರಂಜಾನ್ ಬಂತು, ಡಬ್ಬಿ ಬರಲಿಲ್ಲ. ವೈನಿ ಸಂಜೆಯವರೆಗೆ ಎರಡು ಸಲ ಬಾಗಿಲಿಗೆ ಹೋಗಿ ಬಂದರು.

ಹಬ್ಬ ಕಳೆದ ಮೇಲೆ ನಾನು ಸ್ಕೂಟರ್ ತೆಗೆದುಕೊಂಡು ಗ್ಯಾರೇಜಿಗೆ ಹೋದೆ. ಗಾಡಿಗೆ ಏನೂ ಆಗಿರಲಿಲ್ಲ.

“ಬರ್ರಿ, ಕುಂದರ್ರಿ. ಏನಾಗೈತ್ರಿ ಗಾಡಿಗೆ?” ಎಂದ. ಐವತ್ತು ವರ್ಷ ನನ್ನನ್ನು ‘ಲೇ’ ಎಂದವನು.

ನಾನು ಕೂರಲಿಲ್ಲ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತೆಲ್ಲ ಬಿಟ್ಟು ಒಂದೇ ಉಸಿರಿನಲ್ಲಿ, “ಆ ಹಳೇ ಎಕ್ಕಾ ಅಣ್ಣಂದು. ಹೊಸಾದು ನನ್ನ ಕೈಯಾಗ ಇತ್ತು. ನಾ ಎರಡೂ ನೋಡಿದ್ದೆ” ಎಂದೆ.

ಅವನು ಅರಿವೆಯಿಂದ ಬೆರಳು ಒಂದೊಂದಾಗಿ ಒರೆಸಿಕೊಂಡ. “ಹಳೇ ಕಟ್ಟು ಯಾರ ಬಾಜೂಕ ಇರ್ತೈತಿ ಅನ್ನೂದು ನನಗ ಗೊತ್ತಿರಲಿಲ್ಲೇನೋ? ಎಕ್ಕಾ ಯಾರದು ಅಂತ ನಾ ಅವತ್ತ ಕೇಳಿರಲಿಲ್ಲ. ನೀ ಹೇಳ್ತೀಯೋ ಇಲ್ಲೋ ಅಂತ ಕೇಳಿದ್ದೆ.”

ಅವನು ಅರಿವೆಯನ್ನು ಹೆಗಲಿಗೆ ಹಾಕಿಕೊಂಡ.

“ಅಣ್ಣಾರ ಮುಂದ ಹೇಳೀಯೇನು?”

“ಇಲ್ಲ.”

“ಮತ್ತ ನನ್ನ ಮುಂದ ಯಾಕ ಹೇಳಾಕತ್ತಿ? ನನಗ ಗೊತ್ತ ಐತಲ್ಲ.” ಸ್ಕೂಟರಿಗೆ ಒಂದು ಕಿಕ್ ಹೊಡೆದ. ತಕ್ಷಣ ಚಾಲೂ ಆಯಿತು. “ಗಾಡಿ ಛಲೋ ಐತ್ರಿ. ತಗೊಂಡು ಹೋಗ್ರಿ.”

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನನ್ನದು ಹುಣಸೆಬೀಜಕ್ಕೆ ಹೋದದ್ದು. ಆದರೂ ಮರುಭಾನುವಾರ ಸರ್ ಎದುರಿಗೇ ಎಲ್ಲ ಹೇಳಿಬಿಡಬೇಕೆಂದು ಗಟ್ಟಿ ಮನಸ್ಸು ಮಾಡಿ ಕೆಳಗೆ ಇಳಿದೆ. ಮೊದಲು ಆಟ ಮುಗಿಯಲಿ ಎಂದುಕೊಂಡೆ. ಚಹಾ ಆಗಲಿ ಎಂದುಕೊಂಡೆ. ಐದು ಗಂಟೆಯಾಯಿತು. ಸರ್ ಬೀಜ ಎಣಿಸಿದರು. ತಮ್ಮವು ಎಪ್ಪತ್ತು ಚಿಲ್ಲರೆ, ನನ್ನವು ಐವತ್ತೊಂದು. ಅಣ್ಣನವು ಇಪ್ಪತ್ತರ ಮೇಲೆ ಏಳೋ ಎಂಟೋ. ಅಣ್ಣ ಮೊದಲ ಸಲ ಸೋತಿದ್ದ. ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗಲಾರದು. ನಾನು ಬಾಯಿ ತೆರೆದೆ.

ಅಣ್ಣ ಅವಸರ ಮಾಡಲಿಲ್ಲ. ನನ್ನ ಮುಖ ನೋಡುತ್ತಲೇ ಕೈ ಚಾಚಿ, ನನ್ನ ರಾಶಿಯಿಂದ ಒಂದು ಮುಷ್ಟಿ ಬೀಜ ಎಳೆದು ತನ್ನ ರಾಶಿಗೆ ಸೇರಿಸಿದ. ಮುಚ್ಚಲಿಲ್ಲ, ಮರೆಮಾಡಲಿಲ್ಲ, ಹಳೆಯ ಎಕ್ಕಾ ಹುಡುಕುವ ಕಷ್ಟ ತೆಗೆದುಕೊಳ್ಳಲಿಲ್ಲ. “ಈಗ ಎಣಸ್ರಿ ಸರ” ಎಂದ.

ಸರ್ ಎಣಿಸಿದರು. “ನಿಮ್ಮವ ಕಡಿಮಿ ಅದಾವು” ಎಂದು ನನಗೆ ಹೇಳಿದರು.

ನಾನು ತೆರೆದ ಬಾಯಿ ಮುಚ್ಚಿದೆ. ಎದ್ದು ಮೊಳೆಯಿಂದ ಕೈಚೀಲ ತೆಗೆದುಕೊಂಡು ಅಂಗಡಿಗೆ ಹೋಗಿ ಮೂರು ಗಿರ್ಮಿಟ್ಟು, ಆರು ಮಿರ್ಚಿ ಕಟ್ಟಿಸಿಕೊಂಡೆ. ಅಣ್ಣನಿಗೆ ಮಿರ್ಚಿ ಬಿಸಿಯಾಗಿಯೇ ಇರಬೇಕು, ಆರಿದರೆ ಮುಟ್ಟುವುದಿಲ್ಲ. ಬರುವಾಗ ಸ್ವಲ್ಪ ಬೇಗ ಬೇಗ ನಡೆದೆ.